ಅಮಾವಾಸ್ಯೆಗೆ ಇಟ್ಟ ಕೆಲಸ

ಮುಂದಕ್ಕೆ ಸರಿಯಬೇಕಾಗಿದ್ದ ಬ್ಲೇಡು ಕಲ್ಲಿನ ನಡುವೆಯೇ ನಿಂತು ಅಲ್ಲೇ ಗಿರಗಿರನೆ ತಿರುಗತೊಡಗಿತು. ಗಾಜಿನ ಕೋಣೆಯಲ್ಲಿ ಕೂತಿದ್ದ ಚಂದ್ರಕಲಾ ಮೌಸನ್ನು ಎಷ್ಟು ಅಲುಗಾಡಿಸಿದರೂ ಪರದೆಯ ಮೇಲಿನ ಬಾಣ ಕದಲಲಿಲ್ಲ. ಅವಳು ಎದ್ದು ಓಡಿಹೋಗಿ ಗೋಡೆಯ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದಳು. ಅಷ್ಟರಲ್ಲಿ ಕೊಯ್ಯುತ್ತಿದ್ದ ಫರಸಿ ಕಲ್ಲು ಟಪ್ಪೆಂದು ಸೀಳಿ, ಒಂದು ಚೂರು ಅಣವೀರನ ಕಾಲ ಬಳಿ ಬಂದು ಬಿತ್ತು.

"ಮತ್ತ ಮಲಗಿತೇನು ತಂಗಿ ಅದು?" ಎಂದ ಅಣವೀರ, ರಾಡಿ ತೊಳೆಯುವ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ. ಯಂತ್ರಕ್ಕೆ ಕಲ್ಲು ಏರಿಸುವುದು, ಇಳಿಸುವುದು, ಬ್ಲೇಡು ಕಟ್ಟುವುದು ಅವನ ಕೆಲಸ. ಅದನ್ನು ಕಂಪ್ಯೂಟರಿನಿಂದ ನಡೆಸುವುದು ಅವಳದು. ಶಹಾಬಾದಿನ ಆ ಕಾರ್ಖಾನೆಗೆ ಇಬ್ಬರೂ ಕಾಗಿಣಾ ನದಿ ದಂಡೆಯ ಒಂದೇ ಊರಿನಿಂದ ಒಂದೇ ಬಸ್ಸಿಗೆ ಬರುತ್ತಿದ್ದರು.

"ಮಲಗೇದ ಅಣ್ಣ. ಈ ವಾರದಾಗ ಎರಡನೇ ಸಲ."

ಕಂಪ್ಯೂಟರು ಯಂತ್ರದ ಜೊತೆಗೇ ಬಂದದ್ದು. ಅದರೊಳಗಿನ ವಿಂಡೋಸಿಗೆ ಕಂಪನಿಯವರು ಬೆಂಬಲ ಕೊಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹೈದರಾಬಾದಿನ ಗಿರಾಕಿಗಳು ಕಳಿಸುವ ಹೊಸ ನಕ್ಷೆಗಳನ್ನು ಅದು ತೆರೆಯುತ್ತಿರಲಿಲ್ಲ. ಆದರೂ ಅದರ ಸ್ವಭಾವ ಚಂದ್ರಕಲಾಳಿಗೆ ಗೊತ್ತಿತ್ತು. ಎಲ್ಲಿ ತಡವರಿಸುತ್ತದೆ, ಯಾವಾಗ ಬಿಸಿಯಾಗುತ್ತದೆ ಎಂಬುದು ಮನೆಯ ಮುದುಕರ ಕೆಮ್ಮಿನ ಹಾಗೆ ಪರಿಚಿತವಾಗಿತ್ತು. ಹೊಸದರ ಸ್ವಭಾವ ಹೇಗೋ ಯಾರಿಗೆ ಗೊತ್ತು?

ಮಾಲೀಕ ಲಕ್ಷ್ಮಿಕಾಂತ ಸೀಳಿದ ಫರಸಿಯನ್ನು ಚಪ್ಪಲಿಯಿಂದ ಸರಿಸುತ್ತ, "ಹೊಸಾ ವಿಂಡೋಸ್ ಹಾಕಿಬಿಡು ಅಂತ ಎಷ್ಟು ಸಲ ಹೇಳಬೇಕು? ಮಧ್ಯಾಹ್ನ ಊಟದ ಟೈಮಿನ್ಯಾಗ ಮುಗಿಸು. ನನ್ನ ಮೊಬೈಲ್ ನೋಡು, ನಾ ಮಲಗಿ ಏಳೂದ್ರಾಗ ತಾನೇ ಹೊಸಾದಾಗಿರ್ತದ" ಎಂದ.

"ಮೊಬೈಲ್ ಕೆಳಗ ಯಾರೂ ಕೈ ಇಡಂಗಿಲ್ರಿ ಸಾವಕಾರ್ರ."

ಲಕ್ಷ್ಮಿಕಾಂತ ಅವಳ ಮುಖ ನೋಡಿದ. ಅವಳು ತಲೆ ತಗ್ಗಿಸಲಿಲ್ಲ. "ಅಮಾಸಿ ದಿನ ಮಾಡ್ತೀನ್ರಿ. ಅವತ್ತು ಮಶೀನ್ ಬಂದ್ ಇರ್ತದ, ಮಂದಿ ಇರಂಗಿಲ್ಲ. ಕಲಬುರಗಿಯಿಂದ ರಿಪೇರಿ ಮಾಡೋ ಸುಜಯ ಅವರಿಗೆ ಬರಾಕ ಹೇಳ್ರಿ. ಹಳೇ ಡಿಸ್ಕ್ ಅಳಸೂದು ಬ್ಯಾಡ, ಬಿಚ್ಚಿ ಹಂಗೇ ಇಡೂಣು. ಹೊಸಾದು ಬ್ಯಾರೆ ಡಿಸ್ಕಿಗೆ ಹಾಕೂಣು. ಕೆಟ್ರ ಹಳೇದು ವಾಪಸ್ ಕೂಡಿಸಬಹುದು."

"ಅಮಾಸಿ ದಿನ ಮಶೀನಿಗೆ ಕಾಯಿ ಒಡದು ಕೈ ಮುಗಿತೀವಿ ತಂಗಿ, ಬಿಚ್ಚಂಗಿಲ್ಲ" ಎಂದು ಅಣವೀರ ಹಿಂದಿನಿಂದ ಗೊಣಗಿದ. ಅವಳಿಗೂ ಒಳಗೊಳಗೇ ಅಳುಕಿತ್ತು. ಆದರೆ ಯಂತ್ರದ ಸುತ್ತ ಜನರಿಲ್ಲದ ದಿನ ಬೇರೆ ಯಾವುದೂ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕಾರ್ಖಾನೆ ಬಿಕೋ ಎನ್ನುತ್ತಿತ್ತು. ದಿನವಿಡೀ ಕಿವಿ ಕೊರೆಯುವ ಸದ್ದು ಇಲ್ಲದ್ದರಿಂದ ತಗಡಿನ ಮೇಲೆ ಕಾಗೆ ನಡೆಯುವುದೂ ಕೇಳಿಸುತ್ತಿತ್ತು. ಸುಜಯ ಬರುವ ಮೊದಲೇ ಅವಳು ಅಣವೀರನಿಂದ ಬ್ಲೇಡು ಬಿಚ್ಚಿಸಿ ಗೋಡೆಗೆ ಒರಗಿಸಿದ್ದಳು. ಸುಜಯ ತೆಳ್ಳಗಿನ, ಮಿತಮಾತಿನ ಹುಡುಗ. ಇಂಥ ಯಂತ್ರಗಳ ರಿಪೇರಿಯಲ್ಲೇ ಪಳಗಿದವನು. ಅವಳು ಹೇಳಿದಂತೆಯೇ ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿದ. ಯಂತ್ರದ ಪ್ರೋಗ್ರಾಮಿಗೆ ಬೇಕಾದ ಯಾವುದೋ ಒಂದು ತುಣುಕು ಇರಲಿಲ್ಲವೆಂದು ತನ್ನ ಮೊಬೈಲಿನ ನೆಟ್ ಜೋಡಿಸಿ ಅದನ್ನೂ ಇಳಿಸಿಕೊಂಡ.

ಎಲ್ಲ ಸರಿಯಾಗೇ ಆಯಿತು. ಅದೇ ಅವಳಿಗೆ ಸಮಾಧಾನ ಕೊಡಲಿಲ್ಲ. ಹೈದರಾಬಾದಿನ ನಕ್ಷೆ ತಟ್ಟನೆ ತೆರೆದುಕೊಂಡಿತು. ಬ್ಲೇಡಿಲ್ಲದ ಬರಿ ಶಾಫ್ಟು ಗಾಳಿಯಲ್ಲಿ ಗೆರೆ ಎಳೆಯುತ್ತ ಆ ತುದಿಗೆ ಹೋಗಿ ಈ ತುದಿಗೆ ಬಂದು ನಿಂತಿತು. ಹಳೆಯದಕ್ಕಿಂತ ಮೆತ್ತಗೆ, ಸದ್ದಿಲ್ಲದೆ.

ಅಷ್ಟರಲ್ಲಿ ಲಕ್ಷ್ಮಿಕಾಂತ ಬಂದ. ಯಂತ್ರದ ಮುಂದೆ ಕಾಯಿ ಒಡೆದು, ಹೋಳನ್ನು ಕೈಯಲ್ಲಿ ಹಿಡಿದೇ, "ನಡ್ಯಾಕತ್ತದಲ್ಲ? ಹಂಗಾದ್ರ ಬ್ಲೇಡ್ ಕಟ್ಟಿ ಒಂದು ಕಲ್ಲು ಕೊಯ್ದು ತೋರಸ್ರಿ, ನೋಡೂಣು" ಎಂದ.

ಸುಜಯ ಅವಳ ಕಡೆ ತಿರುಗಿದ. "ಕೊಯ್ಯಬಹುದು ಅಕ್ಕಾ. ನಂಗೇನೂ ದೋಷ ಕಾಣವಲ್ದು."

"ಇವತ್ತು ಬ್ಲೇಡ್ ಬ್ಯಾಡ್ರಿ. ಸಂಜಿ ತನಾ ಬರಿಗೈಲೆ ಓಡಲಿ."

"ನಿಂದೊಂದು ಅತಿಯಾತು" ಎಂದ ಲಕ್ಷ್ಮಿಕಾಂತ. "ಅಣವೀರ, ಏರು ಮ್ಯಾಲ. ಬ್ಲೇಡ್ ಕಟ್ಟು."

ಅಣವೀರ ಇಬ್ಬರನ್ನೂ ನೋಡಿದ. ಮಾಲೀಕರ ಮಾತು ಮೀರುವ ಮನುಷ್ಯ ಅವನಲ್ಲ. ನಟ್ಟು ತಿರುವುವ ಪಾನಾ ತೆಗೆದುಕೊಂಡು, ಕೊರಳಿಗೆ ಸುತ್ತಿದ್ದ ಟವೆಲಿನ ತುದಿಯನ್ನು ಬೆನ್ನಿಗೆಸೆದು, ಯಂತ್ರದ ಹಾಸಿನ ಮೇಲೆ ಏರಿ ಶಾಫ್ಟಿನ ನಟ್ಟು ನೋಡಲು ಬಗ್ಗಿದ.

"ತಡಿ ಅಣ್ಣ, ಮುಟ್ಟಬ್ಯಾಡ. ಮೇನ್ ಇಳಸ್ತೀನಿ" ಎನ್ನುತ್ತ ಚಂದ್ರಕಲಾ ಕೋಣೆಯಿಂದ ಹೊರಬಿದ್ದಳು.

ಅವಳು ಗೋಡೆ ಮುಟ್ಟುವ ಮೊದಲೇ, ಹಿಂದೆ ಕೋಣೆಯಲ್ಲಿ ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಸುಜಯ "ಅಯ್ಯೋ, ತಾನೇ ರೀಸ್ಟಾರ್ಟ್ ಆಗಾಕತ್ತದ" ಎಂದದ್ದು ಕೇಳಿಸಿತು. ಅದರ ಬೆನ್ನಿಗೇ ಶಾಫ್ಟು ಸುಯ್ಯೆಂದು ತಿರುಗಿತು. ಅಣವೀರನ ಬಾಯಿಂದ ಕೂಗು ಬರಲಿಲ್ಲ, ಗೊರ್ ಎಂಬ ಸದ್ದು ಬಂತು. ಬಗ್ಗಿದಾಗ ಮುಂದಕ್ಕೆ ಜಾರಿ ಜೋತುಬಿದ್ದಿದ್ದ ಟವೆಲಿನ ತುದಿಯನ್ನು ಶಾಫ್ಟು ಸುತ್ತಿಕೊಂಡು ಅವನನ್ನು ಕೊರಳು ಹಿಡಿದು ಎಳೆಯುತ್ತಿತ್ತು.

ಅವಳು ಹಿಡಿಗೆ ಜೋತುಬಿದ್ದು ಕೆಳಗೆಳೆದಳು. ಮೋಟಾರು ತಕ್ಷಣ ನಿಲ್ಲಲಿಲ್ಲ. ಕೊನೆಯ ಸುತ್ತುಗಳನ್ನು ನಿಧಾನವಾಗಿ ತಿರುಗಿತು. ನಿಂತಾಗ ಅಣವೀರನ ಕೆನ್ನೆ ಕಬ್ಬಿಣಕ್ಕೆ ಅಂಟಿಕೊಂಡಿತ್ತು, ಕಣ್ಣು ತೆರೆದಿದ್ದವು. ಸುಜಯ ಓಡಿಬಂದು ಕಟರಿನಿಂದ ಟವೆಲು ಕೊಯ್ದ. ಬಟ್ಟೆ ಹರಿದೊಡನೆ ಅಣವೀರ ಹಾಸಿನ ಮೇಲೆ ಕುಸಿದು ಕೂತು ಕೆಮ್ಮತೊಡಗಿದ. ಆ ಕೆಮ್ಮು ಕೇಳಿದ ಮೇಲೆಯೇ ಚಂದ್ರಕಲಾಳ ಕೈ ಹಿಡಿಯಿಂದ ಬಿಟ್ಟುಬಂತು.

"ನೆಟ್ ತೆಗೀಲಿಕ್ಕೆ ಮರೆತೆ" ಎಂದ ಸುಜಯ. "ಅಪ್‌ಡೇಟ್ ಇಳಿಸ್ಕೊಂಡು ತಾನೇ ರೀಸ್ಟಾರ್ಟ್ ಆಗೇದ. ಏಳೋ ಹೊತ್ತಿನ್ಯಾಗ ವೈರಿನ್ಯಾಗ ಏನೇನೋ ಸಿಗ್ನಲ್ ಹೋಗ್ತಾವ. ಮಶೀನಿಗೆ ಅದು ಹುಕುಂ ಇದ್ದಂಗ."

ಯಾರೂ ಗೋಡೆಗೆ ಒರಗಿಸಿದ್ದ ಬ್ಲೇಡಿನ ಕಡೆ ನೋಡಲಿಲ್ಲ. ಲಕ್ಷ್ಮಿಕಾಂತ ಕಾಯಿ ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದ. "ದವಾಖಾನಿಗೆ ಹೋಗೂಣ ನಡಿ" ಎಂದು ಅಣವೀರನಿಗೆ ಹೇಳಿ, ಅವಳ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನಾಳಿಗೆ ಹಳೇದು ಹಾಕಿ ನಡಸಬಹುದಲ್ಲ?" ಎಂದ.

"ಇಲ್ರಿ. ಹಳೇದೂ ಬ್ಯಾಡ. ಕಂಪ್ಯೂಟರ್ ಏನರೆ ಹೇಳ್ಲಿ, ಕೈಲೆ ಗುಂಡಿ ಒತ್ತದ ಹೊರತು ಮೋಟಾರ್ ಏಳಬಾರದು. ಹಂಗ ಒಂದು ಪೆಟಿಗಿ ಕೂಡಸ್ರಿ. ಅಲ್ಲೀ ತನಾ ಮೇನ್ ಮ್ಯಾಲ ಹೋಗಂಗಿಲ್ಲ." ಅವಳು ಸ್ವಿಚ್ಚಿನ ಹಿಡಿಗೆ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಲಕ್ಷ್ಮಿಕಾಂತ ಗಾಡಿ ತರಲು ಹೊರಗೆ ಹೋದ.

ಅಣವೀರ ಅಂಗಳದಲ್ಲಿ ಫರಸಿಯ ಗುಪ್ಪೆಯ ಮೇಲೆ ಕೂತ. ಅವಳು ಕೊಟ್ಟ ಚೆರಿಗೆಯ ನೀರು ಅರ್ಧ ಅಂಗಿಯ ಮೇಲೆ ಚೆಲ್ಲಿತು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು.

"ಯಾವ ಗುಂಡಿ ಒತ್ತಿದ್ದಿ ತಂಗಿ?" ಎಂದು ಕೇಳಿದ. ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ನಾ ಏನೂ ಒತ್ತಿಲ್ಲ ಅಣ್ಣ. ಯಾರೂ ಏನೂ ಒತ್ತಿಲ್ಲ."

ಅವನು ಆ ಮಾತನ್ನು ಯೋಚಿಸುತ್ತ ಕೂತ. ಹತ್ತಿರದ ಹಳಿಯ ಮೇಲೆ ವಾಡಿ ಜಂಕ್ಷನ್ನಿನ ಕಡೆಗೆ ಗೂಡ್ಸ್ ರೈಲೊಂದು ಹೊರಟಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ, ಅಂಗಳದುದ್ದಕ್ಕೂ ನಿಲ್ಲಿಸಿದ್ದ ಫರಸಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಅದುರತೊಡಗಿದವು. ಇಬ್ಬರೂ ಅಲ್ಲಾಡದೆ, ಆ ಅದುರು ನಿಲ್ಲುವುದನ್ನೇ ಕಾಯುತ್ತ ಕೂತರು.