ಗಟಾರದ ಕೆಂಪು ನೀರು ಎಲ್ಲಿಂದ ಬಂತು?

ರಂಗಪಂಚಮಿಯ ಮರುದಿನ ಬೆಳಿಗ್ಗೆ ಹಳೇ ಹುಬ್ಬಳ್ಳಿಯ ಫಕೀರವ್ವ ಬಾಗಿಲು ತೆಗೆದರೆ ಓಣಿಯ ಗಟಾರದಲ್ಲಿ ಕೆಂಪು ನೀರು ಹರಿಯುತ್ತಿತ್ತು. ದಿನಾ ಕಪ್ಪಗೆ ಹರಿಯುವ ಗಟಾರಕ್ಕೆ ಇವತ್ತೇನಾಯಿತು? ಕೈಯಲ್ಲಿ ಹೊಸ ಮೊಬೈಲು ಇದ್ದ ಮೇಲೆ ಸುಮ್ಮನಿರಲಾದೀತೆ? ವಿಡಿಯೋ ಮಾಡಿ, "ನೋಡ್ರಿ, ನೀರು ಹೆಂಗಾಗೇತಿ" ಎಂದು ತಮ್ಮ ರೊಟ್ಟಿ ಸಂಘದ ಗ್ರೂಪಿಗೆ ಹಾಕಿ ಒಲೆ ಹೊತ್ತಿಸಿದಳು.

ಹತ್ತು ಗಂಟೆಗೆ ಅದೇ ವಿಡಿಯೋ ಅವಳ ಮೊಬೈಲಿಗೇ ತಿರುಗಿ ಬಂತು. ಈಗ ಅದಕ್ಕೆ ಸಂಗೀತವಿತ್ತು, ಗಂಟಲು ಹರಿದುಕೊಳ್ಳುವ ಒಬ್ಬ ಗಂಡಸಿನ ದನಿಯಿತ್ತು. ಯಾವುದೋ ಮೊಬೈಲ್ ಚಾನೆಲ್ಲು. "ಓಣಿಗೆ ವಿಷ! ಗುಲಾಬಸಾಬನ ಬಣ್ಣದ ಕಾರ್ಖಾನೆಗೆ ಬೀಗ ಯಾವಾಗ?" ಪಾಲಿಕೆ ಚುನಾವಣೆಗೆ ತುದಿಗಾಲಲ್ಲಿ ನಿಂತಿದ್ದ ಮುಂದಾಳೊಬ್ಬರು ಹನ್ನೆರಡಕ್ಕೆ 'ಪರಿಸರ ಉಳಿಸಿ' ಮೆರವಣಿಗೆ ಎಂದು ಸಾರಿಯೂ ಬಿಟ್ಟರು. ಅವರು ಅದುವರೆಗೆ ಒಂದು ಸಸಿ ನೆಟ್ಟಿದ್ದನ್ನು ಓಣಿಯವರು ಯಾರೂ ಕಂಡಿರಲಿಲ್ಲ.

ಗುಲಾಬಸಾಬ ಅದೇ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವನು. ಕಾರ್ಖಾನೆ ಎಂದರೆ ಮೂರು ಹಂಡೆ, ಎರಡು ಒಲೆ. ಅವನ ಹೆಂಡತಿ ಮಕ್ತುಮಬಿ ಇಪ್ಪತ್ತು ವರ್ಷದಿಂದ ಫಕೀರವ್ವನ ಎದುರು ಕೂತು ರೊಟ್ಟಿ ಬಡಿಯುವವಳು. ಇವತ್ತು ಬಂದಿರಲಿಲ್ಲ. ಮಂದಿ ಬಂದು ಕಲ್ಲು ತೂರಿಯಾರೆಂದು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಳು.

ಮೂರನೇ ಮನೆಯ ಜಯಮಾಲಾ ನೀರು ಪರೀಕ್ಷೆ ಮಾಡುವ ಸರಕಾರಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸುದ್ದಿ ತಿಳಿದು ಓಡಿ ಬಂದಳು.

"ಅಕ್ಕಾರ, ಇದು ಗುಲಾಬಸಾಬ ಕಾಕಾನ ನೀರು ಅಂತ ಯಾರು ಹೇಳಿದ್ರು?"

"ಚಾನೆಲ್‌ದಾಗ ಹೇಳ್ಯಾರಲ್ಲ ಯವ್ವಾ! ಅವ್ರು ವಿಚಾರ ಮಾಡದ ಹೇಳ್ತಾರೇನು?"

"ಅವ್ರಿಗೆ ಹೆಂಗ ಗೊತ್ತಾತು?"

ಫಕೀರವ್ವ ತಡವರಿಸಿದಳು. "ನನ್ನ ವಿಡಿಯೋ ನೋಡಿ..."

"ಅಂದ್ರ ಅವ್ರು ನಿಮ್ಮನ್ನ ನಂಬ್ಯಾರ, ನೀವು ಅವ್ರನ್ನ ನಂಬೀರಿ. ಗಟಾರ ಯಾರೂ ನೋಡೇ ಇಲ್ಲ. ಬರ್ರಿ, ನೀರು ಹಿಡಿದು ಮ್ಯಾಲ ಹೋಗೂಣು. ಕಾಕಾನ ಮನಿ ದಾಟಿದ ಮ್ಯಾಲ ನೀರು ಕೆಂಪು ಇರಲಿಲ್ಲಂದ್ರ ತಪ್ಪು ಅವ್ರದು. ತಕರಾರು ಅರ್ಜಿ ನಾನ ಬರೀತೇನಿ."

ಇಬ್ಬರೂ ನಡೆದರು. ಗುಲಾಬಸಾಬನ ಮನೆ ಬಂತು, ಹಿಂದೆ ಹೋಯಿತು. ನೀರು ಇನ್ನೂ ಕೆಂಪಗೇ ಇತ್ತು! ಮೇಲಿನ ಓಣಿ ದಾಟಿದರು, ಇನ್ನೂ ಕೆಂಪು. ಕೊನೆಗೆ ಗರಡಿಮನೆಯ ಅಂಗಳಕ್ಕೆ ಬಂದು ಮುಟ್ಟಿದರೆ, ಅಲ್ಲಿ ಮೊಳಕೈವರೆಗೆ ಕೆಂಪಾದ ಮನುಷ್ಯನೊಬ್ಬ ಹಾಡು ಗುನುಗುತ್ತ ಬ್ಯಾರಲ್ ತೊಳೆಯುತ್ತಿದ್ದ. ಓಣಿಯ ಬಣ್ಣದಾಟದ ಯಜಮಾನ ಗುರುಶಿದ್ದಪ್ಪ. ಫಕೀರವ್ವನ ಗಂಡ.

"ಏನ್ ಮಾಡಾಕತ್ತೀರಿ?"

"ಕಾಣಸೂದಿಲ್ಲೇನು? ನಸುಕಿನಿಂದ ಆರು ಬ್ಯಾರಲ್ ಬಣ್ಣಾ ಚೆಲ್ಲಿ ತೊಳ್ಯಾಕತ್ತೇನಿ. ನೀನ ಅಂದಿದ್ದಿ ಅಲ್ಲ, ಲಗೂ ತೊಳೀರಿ ಅಂತ!"

ಅಷ್ಟರಲ್ಲಿ ಕೆಳಗಿನಿಂದ ಘೋಷಣೆ ಕೇಳಿಸಿತು. ಫಕೀರವ್ವ ಸೀರೆ ಎತ್ತಿಕಟ್ಟಿ ಓಡಿದಳು. ಗುಂಪು ಗುಲಾಬಸಾಬನ ಬಾಗಿಲಿಗೆ ಬಂದಿತ್ತು, ಮೈಕು ಹಿಡಿದ ಚಾನೆಲ್ಲಿನವನೂ ಜೊತೆಗಿದ್ದ. ಅವಳು ಹೊಸ್ತಿಲ ಮೇಲೆ ಹತ್ತಿ ನಿಂತಳು.

"ಆ ವಿಡಿಯೋ ನಂದು! ಆ ಬಣ್ಣ ನನ್ನ ಗಂಡಂದು! ಕಲ್ಲು ಒಗೀಬೇಕಂದ್ರ ನನ್ನ ಮನಿಗೆ ಒಗೀರಿ!"

ಹಿಂದೆಯೇ ಗುರುಶಿದ್ದಪ್ಪ ಏದುಸಿರು ಬಿಡುತ್ತ ಬಂದ. ಆ ಕೆಂಪು ಕೈ, ಕೆಂಪು ಧೋತರ ನೋಡಿ ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ಮೆರವಣಿಗೆ ನಕ್ಕಿತು. ಮುಂದಾಳಿಗೆ ಬೇರೆ ಕಾರ್ಯಕ್ರಮ ನೆನಪಾಯಿತು. ಚಾನೆಲ್ಲಿನವನು ಮೈಕು ಇಳಿಸತೊಡಗಿದ.

"ಇಳಸಬ್ಯಾಡೋ ತಮ್ಮಾ! ಅದನ್ನ ತೋರಿಸಿದಿ, ಇದನ್ನೂ ತೋರಿಸು!" ಎಂದಳು ಫಕೀರವ್ವ.

ಚಿಲಕ ತೆಗೆದು ಮಕ್ತುಮಬಿ ಹೊರಗೆ ಬಂದಳು, ಹಿಂದೆ ಗುಲಾಬಸಾಬನೂ ಬಂದ. ಫಕೀರವ್ವನ ಕಣ್ಣು ತುಂಬಿ ಬಂತು. "ತಪ್ಪಾತು ನನ್ನವ್ವಾ."

"ಅಳೂದು ಆಮ್ಯಾಲ. ಇನ್ನೂರು ರೊಟ್ಟಿ ಬಾಕಿ ಅದಾವು, ನಡಿ."

ಜಯಮಾಲಾ ಮಾತ್ರ ಬಿಡಲಿಲ್ಲ. "ನಗೂದು ಸಾಕು. ಈ ಡಬ್ಬಿ ಬಣ್ಣಾನೂ ನೀರಿಗೆ ಛಲೋದಲ್ಲ. ಕಾಕಾ, ನಿಮ್ಮ ಹಂಡೆ ನೀರೂ ನಾಳೆ ಪರೀಕ್ಷೆ ಆಗಬೇಕು."

"ಖರೇ ಐತಿ, ತಗೊಂಡು ಹೋಗು," ಎಂದ ಗುಲಾಬಸಾಬ. ಆಮೇಲೆ ಗುರುಶಿದ್ದಪ್ಪನ ಕಡೆ ತಿರುಗಿದ. "ಮುಂದಿನ ವರ್ಷ ಮುತ್ತಲ ಹೂವು ತಂದುಕೊಡ್ರಿ. ಅಟ್ಟದಾಗ ನಮ್ಮಪ್ಪನ ತಾಮ್ರದ ಹಂಡೆ ಐತಿ. ಓಣಿಗೆಲ್ಲ ಬಣ್ಣ ನಾನ ಕುದಿಸಿ ಕೊಡ್ತೇನಿ."

ಮರುವರ್ಷ ಹಾಗೇ ಆಯಿತು. ಕಿತ್ತಳೆ ಬಣ್ಣದಲ್ಲಿ ತೊಯ್ದು ತೊಪ್ಪೆಯಾದ ಗುಲಾಬಸಾಬನ ವಿಡಿಯೋ ಮಾಡಿ ಫಕೀರವ್ವ ಬರೆದಳು: "ಹೂವಿನ ಬಣ್ಣ. ಕುದಿಸಿದವರು ಇವರು. ಸುರುವಿದವಳು ನಾನು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯ ನೀರು ಕೆಟ್ಟರೆ ಕೇಳಿ, ಕೇಳಲೇಬೇಕು. ಪರೀಕ್ಷೆ ಮಾಡಿಸಿ, ಅರ್ಜಿ ಬರೆಯಿರಿ. ಆದರೆ ಯಾರದೋ ಹೆಸರು ಹಿಡಿದು ಕೂಗುವ ಮೊದಲು, ವಿಡಿಯೋ ಮುಂದೆ ಕಳಿಸುವ ಮೊದಲು, ಗಟಾರ ಹಿಡಿದು ನೀವೇ ಮೇಲಕ್ಕೆ ನಡೆದು ನೋಡಿ. ಅಲ್ಲಿ ನಿಮ್ಮ ಮನೆಯ ಬ್ಯಾರಲ್ಲೇ ಸಿಕ್ಕರೆ, ಫಕೀರವ್ವನ ಹಾಗೆ ಹೊಸ್ತಿಲ ಮೇಲೆ ನಿಂತು ಹೇಳಿಬಿಡಿ.