ಆಟಕ್ಕುಂಟು

ಎರಡೇ ದೀಪ, ಹೌದು, ಎರಡೇ, ಮಡಚುತ್ತಿದ್ದ ಟವೆಲ್ಲನ್ನು ಮಡಿಲಲ್ಲೇ ಬಿಟ್ಟು ಅವಳು ಮತ್ತೊಮ್ಮೆ ನೋಡುತ್ತಾಳೆ, ಟೀವಿಯ ಮುಂದೆ ಚಾಪೆಯ ಮೇಲೆ ಮೂರು ಮಕ್ಕಳು, ಮೂರು ಕಂಟ್ರೋಲರು, ಓರಗಿತ್ತಿಯ ದೊಡ್ಡ ಮಗನ ಕೈಯಲ್ಲಿ ಒಂದು ಹಸಿರು ಚುಕ್ಕೆ, ಅವನ ತಮ್ಮನ ಕೈಯಲ್ಲಿ ಒಂದು ಹಸಿರು ಚುಕ್ಕೆ, ನಡುವೆ ಕೂತ ತನ್ನ ಮಗಳು ಗುಂಡಿಯ ಕೈಯಲ್ಲಿ ಚುಕ್ಕೆಯೇ ಇಲ್ಲ — ಬೆರಳು ಅಡ್ಡ ಬಂದಿರಬೇಕು, ಐದು ವರ್ಷದ ಬೆರಳು ಮುಚ್ಚುವಷ್ಟು ಚಿಕ್ಕದೇ ಆ ದೀಪ, ಇರಲಿ, ನಿನಗೇಕೆ ದೀಪದ ಉಸಾಬರಿ, ಟವೆಲ್ ಮಡಚು, ಇನ್ನೇನು ಸಭೆ ಶುರುವಾಗುತ್ತದೆ. ಮಾವನ ಸಭೆ. ಈ ಮನೆಯಲ್ಲಿ ಮಿಕ್ಸಿ ಕೊಳ್ಳಲೂ ಸಭೆ, ಬಚ್ಚಲ ನಲ್ಲಿ ಬದಲಿಸಲೂ ಸಭೆ, ಬಸ್ ಡಿಪೋದ ಕೆಲಸದಿಂದ ನಿವೃತ್ತರಾದ ಮೇಲೆ ಮಾವನಿಗೆ ಹೊರಡಿಸಲು ಬಸ್ಸುಗಳಿಲ್ಲ, ಅದಕ್ಕೇ ತೀರ್ಮಾನಗಳನ್ನು ಹೊರಡಿಸುತ್ತಾರೆ, ಟೀವಿಯ ರಿಮೋಟನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ರಾಜದಂಡವೇ ಸರಿ, ಇವತ್ತಿನ ವಿಷಯ ಭಾವ ತಂದ ಗೇಮಿನ ಡಬ್ಬಿ, ಚಿಕ್ಕ ಮಕ್ಕಳಿಗೆ ಅದು ಆಗುತ್ತದೋ ಆಗುವುದಿಲ್ಲವೋ. ಚಿಕ್ಕ ಮಕ್ಕಳು ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತು. ಗುಂಡಿ. ನಿನ್ನೆ ಸಂಜೆ ಕಂಟ್ರೋಲರ್ ಎಸೆದು ಷೋಕೇಸಿನ ಗಾಜು ಪುಡಿ ಮಾಡಿದವಳು, ಅದೂ ಸೋತಾಗ ಅಲ್ಲ, ಗೆದ್ದಾಗ — ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅಣ್ಣಂದಿರಿಬ್ಬರೂ ಗುಂಡಿ ಗೆದ್ದಳು ಗುಂಡಿ ಗೆದ್ದಳು ಎಂದು ಚಪ್ಪಾಳೆ ತಟ್ಟುತ್ತಿದ್ದರು, ಇವಳು ಟೀವಿ ನೋಡಿದಳು, ಅವರ ಮುಖ ನೋಡಿದಳು, ಚಾಪೆಯ ಮೇಲಿದ್ದದ್ದನ್ನು ಎತ್ತಿ ಬೀಸಿ ಒಗೆದಳು. ಗೆದ್ದಾಗ ಯಾರಾದ್ರೂ ಎಸೀತಾರೇನೇ, ತಲೆಗೆ ಹತ್ತಿದೆ ಅಷ್ಟೇ, ನನ್ನ ಮಕ್ಕಳೂ ಆಡ್ತಾವೆ, ಒಂದು ದಿನ ಹೀಗೆ ಮಾಡಿಲ್ಲ, ಇದು ಓರಗಿತ್ತಿ. ಅತ್ತೆಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು ಎಂದು ಹಿರಿಮಗನ ಮೇಲೇ ಸಿಡಿಮಿಡಿ, ಆ ಹಿರಿಮಗನೋ, ಅಂದರೆ ಭಾವ, ಬೆಳಿಗ್ಗೆಯಿಂದ ಫೋನು ನೋಡಿ ಓದಿ ಹೇಳುತ್ತಿದ್ದಾರೆ, ಎಳೆ ಮೆದುಳಿಗೆ ಕೆಟ್ಟದ್ದಂತೆ, ಇನ್ನೊಂದು ಕಡೆ ಎಳೆ ಮೆದುಳಿಗೆ ಬಹಳ ಒಳ್ಳೆಯದಂತೆ, ಎರಡನ್ನೂ ಒಂದೇ ಗಾಂಭೀರ್ಯದಿಂದ, ಇನ್ನು ಅವಳ ಗಂಡ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಸಂಸಾರದಲ್ಲಿ ನೊಗದಂತೆ ನಡುವೆ ಕೂತು, ನೀವೆಲ್ಲ ಹೇಗೆ ಹೇಳಿದ್ರೆ ಹಾಗೆ. ಕಣ್ಣಾರೆ ಕಂಡೇ ಹೇಳೋಣ, ಮೊದಲು ಸ್ವಲ್ಪ ಹೊತ್ತು ಆಡಲಿ, ಎಂದದ್ದು ಮಾವ, ಅದಕ್ಕೇ ಈ ಆಟ, ಪರೀಕ್ಷೆಯ ಆಟ, ಹಿರಿಯರೆಲ್ಲ ಸೋಫಾದಲ್ಲಿ ಸಾಲಾಗಿ ಕೂತು ಐದು ವರ್ಷದ ಹುಡುಗಿಯ ಬೆನ್ನು ನೋಡುತ್ತಿದ್ದಾರೆ.

ಗುಂಡಿಯ ತಾಯಿ, ಅವಳೂ ಬೇಡ ಎನ್ನುವವಳೇ, ಇವತ್ತು ಮೊದಲ ಸಲ ಮನಸಾರೆ ಎಲ್ಲರ ಜೊತೆ ಬೇಡ ಎಂದು ಬಿಡುವುದು ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿಶ್ಚಯವಾಗಿತ್ತು, ತಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಪುಟ್ಟ ಪುಟ್ಟ ಕಿವಿಗಳ ಹಿಂದೆ ಕಡ್ಡಿ ಬಗ್ಗಿಸಿ ಬಗ್ಗಿಸಿ ಸಾಕಾಗಿದೆ, ಪ್ರತಿಯೊಬ್ಬ ತಾಯಿಯೂ ಕೇಳುತ್ತಾಳೆ, ಟೀವಿ ನೋಡಿ ನೋಡಿ ಹೀಗಾಯ್ತಾ ಮೇಡಂ, ಡಾಕ್ಟರನ್ನು ಕೇಳಿ ಎನ್ನುತ್ತಾಳೆ ಅವಳು, ಡಾಕ್ಟರು ಬಿಸಿಲಲ್ಲಿ ಆಡಿಸಿ ಎನ್ನುತ್ತಾರೆ, ಅದು ಸರಿಯೇ, ಬಿಸಿಲಲ್ಲಿ ಆಡಬೇಕು, ಮಣ್ಣಲ್ಲಿ ಆಡಬೇಕು, ಈ ಡಬ್ಬಿಯ ಮುಂದೆ ಕೂತರೆ ಗುಂಡಿಗೆ ಊಟ ಬೇಡ, ಕರೆದರೆ ಕಿವಿ ಕೇಳುವುದಿಲ್ಲ — ಬೆರಳು ಸರಿಯಿತು. ಗುಂಡಿ ಎರಡು ಹೆಬ್ಬೆರಳನ್ನೂ ಎತ್ತಿ ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದಾಳೆ, ಕಂಟ್ರೋಲರು ಮೇಲ್ಮುಖವಾಗಿ ಬೆಳ್ಳಗೆ ಮಡಿಲಲ್ಲಿ ಬಿದ್ದಿದೆ, ದೀಪವಿರಬೇಕಾದ ಜಾಗದಲ್ಲಿ ಕಪ್ಪು ಚುಕ್ಕೆ, ಟೀವಿಯಲ್ಲಿ ಮಾತ್ರ ಅವಳದು ಎನ್ನುವ ಹಳದಿ ಟೊಪ್ಪಿಯ ಗೊಂಬೆ ಓಡುತ್ತಲೇ ಇದೆ, ಹಾರುತ್ತದೆ, ಹಣ್ಣು ಕೀಳುತ್ತದೆ, ಯಾರ ಹಂಗೂ ಇಲ್ಲದೆ. ಭಲೇ ಗುಂಡಿ, ಎನ್ನುತ್ತಾನೆ ದೊಡ್ಡವನು, ತಿರುಗಿಯೂ ನೋಡದೆ. ಅಮ್ಮ, ಅದು ನನ್ನ ಮಾತು ಕೇಳಲ್ಲ. ಯಾವಾಗ ಹೇಳಿದ್ದು ಇದು, ಬಚ್ಚಲಲ್ಲಿ, ತಲೆಗೆ ನೀರು ಹಾಕುವಾಗ, ಹೋದ ವಾರ, ಯಾರೇ, ಅಣ್ಣನಾ, ಅಲ್ಲಮ್ಮ, ಅದು, ನಾನು ಕೈ ಬಿಟ್ಟರೂ ಓಡುತ್ತೆ — ಕಣ್ಣು ಮುಚ್ಚು ಸೋಪು ಹೋಗುತ್ತೆ, ಅಭ್ಯಾಸ ಆಗುತ್ತೆ ಬಿಡು, ಎಂದು ಚೊಂಬು ಎತ್ತಿ ಸುರಿದದ್ದು ಇದೇ ಕೈ, ಇದೇ ಟವೆಲ್ಲಿನಿಂದ ಒರೆಸಿದ್ದು, ಒರೆಸಿದ ತಲೆಯೊಳಗೆ ಏನಿದೆ ಎಂದು ಕೇಳಲಿಲ್ಲ.

ಪವರ್ ಇಲ್ಲದ ಗಾಜು. ಅಂಗಡಿಯಲ್ಲಿ ಕೆಲವು ಮಕ್ಕಳು ಬರುತ್ತಾರೆ, ಗೆಳೆಯನಿಗೆ ಕನ್ನಡಕ ಬಂತೆಂದು ತಮಗೂ ಬೇಕು, ಎಲ್ಲ ಮಂಜು ಮಂಜು ಎನ್ನುತ್ತಾರೆ, ಆಗ ಡಾಕ್ಟರು ಅವಳಿಗೆ ಕಣ್ಣು ಮಿಟುಕಿಸಿ ಬರೀ ಗಾಜು ಹಾಕುತ್ತಾರೆ, ಈಗ ಹೇಗಿದೆ ಮರಿ, ಈಗ ಚೆನ್ನಾಗಿ ಕಾಣ್ತಿದೆ, ಎಲ್ಲರೂ ನಗುತ್ತಾರೆ, ನಗಬಹುದು, ಆ ಮಗುವಿನ ಕಣ್ಣು ನೆಟ್ಟಗಿದೆಯಲ್ಲ. ಇಲ್ಲಿ ಯಾರ ಕಣ್ಣು ನೆಟ್ಟಗಿದೆ. ಸೋಫಾದಲ್ಲಿ ಕೂತ ಇಷ್ಟು ಜನ ಒಂದು ದೀಪ ಕಾಣದವರು ಮಗುವಿನ ಮೆದುಳಿನ ಬಗ್ಗೆ ತೀರ್ಪು ಕೊಡಲು ಹೊರಟಿದ್ದೇವೆ, ಅಯ್ಯೋ ನಮ್ಮ ಬುದ್ಧಿಗಿಷ್ಟು, ಮತ್ತು ಆ ಮಾತು, ಎಲ್ಲಿತ್ತೋ ಇಷ್ಟು ವರ್ಷ, ತಳದಿಂದ ಎದ್ದು ಬರುತ್ತದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಚಿಕ್ಕಂದಿನಲ್ಲಿ ಅವಳ ಹೆಸರೇ ಆಗಿಹೋಗಿತ್ತು ಅದು, ಓಣಿಯ ಅಷ್ಟೂ ಅಕ್ಕಂದಿರು ಅಣ್ಣಂದಿರ ನಡುವೆ ಅವಳೇ ಕಿರಿಯವಳು, ಬಾ ಬಾ ನೀನೂ ಇದ್ದೀಯ ಎಂದು ಸೇರಿಸಿಕೊಂಡು ಆಮೇಲೆ ತಮ್ಮತಮ್ಮಲ್ಲೇ ಮೆಲ್ಲಗೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣ್ರೋ, ಮುಟ್ಟಿದರೂ ಔಟಲ್ಲ, ಓಡಿದರೂ ಅಟ್ಟಿಸಿಕೊಂಡು ಬರುವವರಿಲ್ಲ, ಕಣ್ಣಾಮುಚ್ಚಾಲೆಯ ಆ ಸಂಜೆ ನೀರಿನ ತೊಟ್ಟಿಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಮೊಣಕಾಲಿಗೆ ಪಾಚಿ, ಕಾಲಿಗೆ ಇರುವೆ, ಅಲುಗುವುದಿಲ್ಲ, ಎಷ್ಟು ಚೆನ್ನಾಗಿ ಅಡಗಿದ್ದೀನಿ, ಯಾರಿಗೂ ಸಿಗ್ತಿಲ್ಲ ನಾನು, ಗೆಲ್ತೀನಿ, ಕೊನೆಗೆ ಕತ್ತು ಚಾಚಿ ನೋಡಿದರೆ ಓಣಿಯಲ್ಲಿ ಅವರೆಲ್ಲ ಚೆಂಡಾಟ ಆಡುತ್ತಿದ್ದಾರೆ, ಅವಳನ್ನು ಹುಡುಕುವ ಆಟ ಯಾವಾಗಲೋ ಮುಗಿದಿದೆ. ಎಸೆಯಲು ಆಗ ಕೈಯಲ್ಲಿ ಏನೂ ಇರಲಿಲ್ಲ, ಇದ್ದಿದ್ದರೆ ಓಣಿಯ ಒಂದು ಗಾಜೂ ಉಳಿಯುತ್ತಿರಲಿಲ್ಲ. ಈ ಮನೆಯ ಸಭೆಗಳಲ್ಲೂ ಅಷ್ಟೇ ಅಲ್ಲವೇ, ಮಾವ ಒಂದೊಂದೇ ಬೆರಳು ಮಡಚಿ ಎಲ್ಲರ ಅಭಿಪ್ರಾಯ ಕೇಳಿ ಮುಗಿಸಿ, ಬೆರಳುಗಳೆಲ್ಲ ಮುಗಿದ ಮೇಲೆ ಅವಳ ಕಡೆ ತಿರುಗಿ, ನಿಂದೂ ಅದೇ ಅಲ್ವೇನಮ್ಮ, ಅವಳು ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾಳೆ, ಕೆಟ್ಟವರಲ್ಲ ಯಾರೂ, ಪ್ರೀತಿಯಿಂದಲೇ, ಚಾಪೆಯಲ್ಲಿ ಜಾಗ ಕೊಟ್ಟಿದ್ದಾರೆ, ಕೈಗೆ ಕಂಟ್ರೋಲರೂ ಕೊಟ್ಟಿದ್ದಾರೆ.

ಎದ್ದದ್ದು ಯಾವಾಗ, ಟವೆಲ್ ನೆಲಕ್ಕೆ ಜಾರಿದೆ, ನಿನ್ನದು ಕೊಡೇ ಒಂದು ನಿಮಿಷ ಎನ್ನುತ್ತಾಳೆ, ಗುಂಡಿ ಕೊಡುತ್ತಾಳೆ, ಹಗುರ, ಖಾಲಿ ಬೆಂಕಿಪೊಟ್ಟಣದಷ್ಟು ಹಗುರ, ಬೆನ್ನಿನ ಮುಚ್ಚಳ ಸರಿಸಿದರೆ ಸೆಲ್ ಕೂರುವ ಎರಡು ಗೂಡುಗಳು ಬಾಯಿ ತೆರೆದುಕೊಂಡಿವೆ. ದೊಡ್ಡವನು ಚಾವಣಿ ನೋಡುತ್ತಾನೆ. ಚಿಕ್ಕಮ್ಮ, ಅವಳು ಚಿಕ್ಕವಳಲ್ವಾ, ನಮ್ಮ ಆಟ ಕೆಡಿಸ್ತಾಳೆ, ಹಳದಿ ಟೊಪ್ಪಿ ಗೇಮೇ ತಾನಾಗಿ ಆಡಿಸೋ ಗೊಂಬೆ, ಅವಳಿಗೂ ಖುಷಿ ನಮಗೂ ತೊಂದ್ರೆ ಇಲ್ಲ, ಅವಳಿಗೆ ಗೊತ್ತಾಗಲ್ಲ. ನಂಗೆ ಗೊತ್ತು, ಎಂದಳು ಗುಂಡಿ. ನಿನ್ನೆ ಪೂರ್ತಿ ಗೊತ್ತಾಯ್ತು, ನಾನು ನೀರು ಕುಡೀತಿದ್ದೆ, ಅದು ಗೆದ್ದುಬಿಡ್ತು. ಅಷ್ಟೇ, ಅಳಲೂ ಇಲ್ಲ, ಚಾಡಿ ಹೇಳುವ ದನಿಯೂ ಅಲ್ಲ, ಮತ್ತು ಅಮ್ಮನ ಎದೆ ಹೆಮ್ಮೆಯಿಂದ ತುಂಬಿತು, ತಲೆಗೆ ಹತ್ತಿಲ್ಲ ಕಣೇ ನಿನಗೆ, ತಲೆ ಇದೆ ನಿನಗೆ, ನೀನು ಗೆಲ್ಲದ ಗೆಲುವನ್ನು ಬೇಡ ಎಂದು ಬೀಸಿ ಒಗೆದಿದ್ದೀಯ, ನಿಮ್ಮಮ್ಮ ಇಷ್ಟು ವರ್ಷದಲ್ಲಿ ಒಂದು ಸಲವೂ ಒಗೆದಿಲ್ಲ. ಮಾವ, ಆ ರಿಮೋಟ್ ಕೊಡಿ. ಯಾರ ದನಿ ಇದು, ಅವಳದೇ, ಸೋಫಾದವರೆಲ್ಲ ಅತ್ತಿತ್ತ ನೋಡಿಕೊಳ್ಳುತ್ತಾರೆ, ಮಾವನ ಕೈ ತಾನಾಗಿ ಮುಂದೆ ಬರುತ್ತದೆ, ಮುಚ್ಚಳ ತೆಗೆ, ಎರಡು ಸೆಲ್ಲು ಉಗುರಿನಿಂದ ಎಬ್ಬಿಸು, ಪುಣ್ಯಕ್ಕೆ ಅಳತೆ ಒಂದೇ, ಒಂದು ಹೀಗೆ ಒಂದು ತಿರುವಿ, ಟಕ್ ಎಂದು ಕೂತವು, ಖಾಲಿ ರಿಮೋಟನ್ನು ಎರಡೂ ಕೈಯಲ್ಲಿ ಮಾವನಿಗೆ ಹಿಂತಿರುಗಿಸಿದಳು, ಮರ್ಯಾದೆ ಮರ್ಯಾದೆಯೇ. ಏನಮ್ಮ ಇದು, ಸಭೆ ಇನ್ನೂ — ಸಭೆಗೇ ಹೇಳ್ತಿದ್ದೀನಿ ಮಾವ. ಇವಳಿಗೆ ಈ ಆಟ ಆಗುತ್ತೋ ಇಲ್ವೋ ಅಂತ ನಾವು ಕೂತಿದ್ದೀವಿ, ಇವಳು ಇನ್ನೂ ಒಂದು ದಿನಾನೂ ಆಡಿಲ್ಲ. ಆಡಿಸೋದಾದ್ರೆ ಲೆಕ್ಕಕ್ಕಿಟ್ಟು ಆಡಿಸಿ, ಇಲ್ಲಾಂದ್ರೆ ನಿನಗೆ ಬೇಡ ಅಂತ ಮುಖ ನೋಡಿ ಹೇಳಿ. ಉಳಿದದ್ದನ್ನೂ ಹೇಳುತ್ತಾಳೆ, ನಾಲಿಗೆಗೆ ಹಾದಿ ಸಿಕ್ಕಿದೆ, ದಿನಕ್ಕೆ ಅರ್ಧ ಗಂಟೆ, ಅದೂ ತಾನು ಪಕ್ಕದಲ್ಲಿ ಕೂತಿರುವಾಗ, ಹೊಡಿ ಬಡಿ ಆಟ ಬೇಡ, ಈ ಓಡುವ ಹಾರುವ ಆಟ ಸಾಕು, ಆಮೇಲೆ ಗುಂಡಿಯೇ ಕೈಯಾರೆ ಡಬ್ಬಿ ಆರಿಸಬೇಕು, ಮೂರೂ ಜನ ಹೊರಗೆ ಬಿಸಿಲಿಗೆ, ಇದರಲ್ಲಿ ಅವಳಿಗೆ ಕೆಡುಕು ಕಂಡರೆ ನಾನೇ ಮೊದಲು ಬೇಡ ಎನ್ನುತ್ತೇನೆ, ಇದು ನನ್ನ ಅಭಿಪ್ರಾಯ, ಎಂದು ಬೆರಳೆತ್ತಿ ನಿಂತಳು, ಮಾವ ಲೆಕ್ಕ ಹಿಡಿಯುವ ಮೊದಲೇ, ಮೊದಲ ಬೆರಳು. ಆಮೇಲೆ ಅವಳ ಗಂಡ, ಆ ನೊಗ, ನಂದೂ ಅದೇ, ಎಂದ, ನೀವೆಲ್ಲ ಎನ್ನಲಿಲ್ಲ, ಬೆರಳನ್ನೂ ಎತ್ತಿದ, ಓರಗಿತ್ತಿ, ಆ ಕತ್ತೆಗಳು ಸೆಲ್ ಎಲ್ಲಿಟ್ಟಿದ್ದಾವೋ ಕೇಳಬೇಕು, ಎಂದು ಮಕ್ಕಳನ್ನು ದುರುಗುಟ್ಟಿ ನೋಡಿ ಅರ್ಧ ಬೆರಳು ಎತ್ತಿದಳು, ಭಾವ ಫೋನು ಬೋರಲು ಹಾಕಿದರು, ಅತ್ತೆ ಮಾತ್ರ ಮಾರಿ ಮಾರಿಯೇ ಎನ್ನುತ್ತಾ ಸರಿದು ಕೂತು ಸೊಸೆಗೆ ಟೀವಿಯ ಎದುರು ಜಾಗ ಮಾಡಿಕೊಟ್ಟರು.

ಒತ್ತು, ನಡುವಿನದನ್ನು ಒತ್ತಿ ಹಿಡಿ, ಎನ್ನುತ್ತಿದ್ದಾನೆ ದೊಡ್ಡವನು, ಪೆಚ್ಚು ಮುಖದಲ್ಲೇ ಆದರೂ ಹೇಳಿಕೊಡುತ್ತಿದ್ದಾನೆ, ದೀಪ ಒಮ್ಮೆ ಮಿಟುಕಿತು, ಆರಿತು, ಮತ್ತೆ ಮಿಟುಕಿತು, ಹಸಿರಾಗಿ ನಿಂತಿತು, ಹಳದಿ ಟೊಪ್ಪಿ ಬೇಡ ಕೆಂಪು ಬೇಕು ಎನ್ನುತ್ತಾಳೆ ಗುಂಡಿ, ಆರಿಸಿಕೊಳ್ಳುತ್ತಾಳೆ, ಹುಟ್ಟಿದಾಗ ಅಂಗಿಯ ಗುಂಡಿಯ ಹಾಗಿದ್ದಳೆಂದು ತಾನೇ ಇಟ್ಟ ಹೆಸರು, ಈಗ ಆ ಗುಂಡಿ ಗುಂಡಿ ಒತ್ತುತ್ತಿದ್ದಾಳೆ, ನಾಲಿಗೆ ತುಟಿಯಿಂದಾಚೆ, ಕೆಂಪು ಗೊಂಬೆ ಗೋಡೆಗೆ ಹೋಗಿ ಗುದ್ದುತ್ತದೆ, ಹಿಂದಕ್ಕೆ ನಡೆಯುತ್ತದೆ, ನಿಂತಲ್ಲೇ ಕುಪ್ಪಳಿಸುತ್ತದೆ, ಇಷ್ಟು ಕೆಟ್ಟದಾಗಿ ಆಡುವ ಗೊಂಬೆಯನ್ನು ಈ ಟೀವಿ ಕಂಡಿಲ್ಲ, ಮಾವ ಸೆಲ್ಲಿಲ್ಲದ ರಿಮೋಟನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಬಾಗಿ ನೋಡುತ್ತಿದ್ದಾರೆ, ಎಡಕ್ಕೆ ಮಗಾ ಎಡಕ್ಕೆ, ಮುಂದೆ ಹಳ್ಳ, ಹಾರು, ಈಗ ಹಾರು, ಹಾರಲಿಲ್ಲ, ಗುಂಡಿ ಗುಂಡಿಗೆ ಬಿದ್ದಳು, ದಡಾರನೆ, ಕೆಂಪು ಟೊಪ್ಪಿಯ ಸಮೇತ, ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೋಣೆಯಲ್ಲಿ ಎಲ್ಲರೂ ಅವಳ ಕೈ ನೋಡುತ್ತಿದ್ದಾರೆ, ಎಸೆಯುತ್ತಾಳೇನೋ ಎಂದು, ಅವಳು ತಿರುಗಿದಳು, ಮುಖವೆಲ್ಲ ಬಾಯಿಯಾಗಿ, ಅಮ್ಮಾ, ನೋಡಿದ್ಯಾ, ಈ ಸಲ ನಾನೇ ಬಿದ್ದೆ! ನೋಡಿದೆ ಕಣೇ, ನೋಡಿದೆ, ಈ ಕಣ್ಣಿಗೆ ಇನ್ನು ಯಾವ ಗಾಜೂ ಬೇಡ, ತೊಟ್ಟಿಯ ಹಿಂದಿನಿಂದ ಯಾರೋ ಪುಟ್ಟವಳು ಮೊಣಕಾಲಿನ ಪಾಚಿ ಒರೆಸಿಕೊಂಡು ಎದ್ದು ಬರುತ್ತಿದ್ದಾಳೆ, ಬರಲಿ, ಜಾಗ ಇದೆ, ಎಲ್ಲರಿಗೂ ಇದೆ, ಗೊಂಬೆ ಹಳ್ಳದಿಂದ ಮತ್ತೆ ಎದ್ದು ನಿಂತಿದೆ, ಎಂಥ ಗೆಲುವು ಇದು, ಎಂಥ ಸೋಲು, ಮತ್ತು ಆ ಪುಟ್ಟ ಹೆಬ್ಬೆರಳು, ಅದರ ಪಕ್ಕದಲ್ಲಿ, ಹಸಿರಾಗಿ, ಅಲುಗದೆ, ಮೂರನೆಯ ದೀಪ.