ಬಿಳಿಗೆರೆಯ ಆಚೆಯ ದನಿ

ಚೆಂಡು ಅವನ ಎಡಗಾಲಿನಿಂದ ಹದವಾಗಿ ಹೊರಟು, ಯಾರೂ ಇಲ್ಲದ ಕಡೆ ಉರುಳಿ, ಬಿಳಿಗೆರೆ ದಾಟಿ ಹೋಯಿತು. ಆ ತಿಂಗಳಲ್ಲಿ ಅದು ಏಳನೆಯ ಸಲ. ಕೆಟ್ಟ ಪಾಸಾಗಿದ್ದರೆ ಜನ ಒಂದಿಷ್ಟು ಬೈದು ಸುಮ್ಮನಾಗುತ್ತಿದ್ದರು. ಇದು ಹಾಗಲ್ಲ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾದ ಪಾಸು. ತೆಗೆದುಕೊಳ್ಳುವವನೊಬ್ಬ ಇರಲಿಲ್ಲ, ಅಷ್ಟೆ. ಲೈನ್‌ಮನ್‌ಗೂ ನಮ್ಮದೊಂದು ಜೆರ್ಸಿ ಹೊಲಿಸಿ ಕೊಡಿ, ನಮ್ಮವರಿಗಿಂತ ಹೆಚ್ಚು ಚೆಂಡು ಅವನಿಗೇ ಸಿಗುತ್ತಿದೆ ಎಂದು ಗ್ಯಾಲರಿಯವರು ನಗುತ್ತಿದ್ದರು. ಈ ಪರದೇಶದ ಭಾಷೆ ಒಂಬತ್ತು ವರ್ಷದಲ್ಲಿ ಅವನಿಗೆ ಅರ್ಧಂಬರ್ಧ ಬಂದಿತ್ತು. ಬೈಗುಳ ಮತ್ತು ಹಾಸ್ಯ ಮಾತ್ರ ಪೂರ್ತಿ ಬಂದಿದ್ದವು.

ಅವನು ಅಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಎಡಬದಿಯ ವಿಂಗರ್. ಗೆರೆಗೆ ಅಂಟಿಕೊಂಡು ಓಡುವುದು, ಎದುರಿನವನನ್ನು ಏಮಾರಿಸುವುದು, ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಹಾಕುವುದು, ಅಂದರೆ ಕ್ರಾಸು, ಅವನ ಕಸುಬು. ಕಾಲಿನಲ್ಲಿ ಇನ್ನೂ ಕಸುವಿತ್ತು. ಕೆಟ್ಟಿದ್ದು ಕಿವಿ. ಚೆಂಡು ಕಾಲಿಗೆ ತಾಗುವ ಮೊದಲೇ ಎಡಗಡೆ ಹಿಂದಿನಿಂದ ಒಂದು ದನಿ ಬರುತ್ತಿತ್ತು: "ಹೊರಗೆ." ಕೂಗಲ್ಲ, ಉಸಿರಿನ ಜೊತೆ ಬೆರೆತ ತಗ್ಗಿದ ಮಾತು. ಅದು ಕೇಳಿದ್ದೇ ತಡ, ಕಾಲು ಅವನ ಅಪ್ಪಣೆ ಕೇಳದೆ ಚೆಂಡನ್ನು ಹೊರಗೆ ತಳ್ಳಿಬಿಡುತ್ತಿತ್ತು. ಆ ತಂಡದಲ್ಲಿ ಅವನ ಭಾಷೆ ಬಲ್ಲವನು ಒಬ್ಬನೂ ಇರಲಿಲ್ಲ. ಆ ಮಾತು ಅವನ ಮನೆಯದು. ದನಿ ಅವನ ಅಣ್ಣನದು.

ಊರಿನಲ್ಲಿ ಇಬ್ಬರೂ ಒಂದೇ ಬದಿಯಲ್ಲಿ ಆಡಿದವರು. ಅಣ್ಣ ಹಿಂದೆ ಕಾಯುವ ಬ್ಯಾಕು, ತಮ್ಮ ಮುಂದೆ. ತಮ್ಮನ ಕಾಲಲ್ಲಿ ಚೆಂಡಿದ್ದಾಗ ಅಣ್ಣ ಅವನನ್ನು ಸುತ್ತಿಕೊಂಡು ಗೆರೆಯ ಬದಿಯಿಂದ ಮುಂದಕ್ಕೆ ನುಗ್ಗುತ್ತಿದ್ದ, ನುಗ್ಗುವಾಗ "ಹೊರಗೆ" ಎನ್ನುತ್ತಿದ್ದ. ಎದುರಾಳಿಗೆ ಕೇಳಬಾರದು, ತಮ್ಮನಿಗೆ ಕೇಳಬೇಕು, ಅಷ್ಟೇ ದನಿ. ಅದಕ್ಕೆ ಉತ್ತರ ಕೊಡಲೇಬೇಕೆಂಬುದು ಅವರಿಬ್ಬರ ಕಟ್ಟಳೆ. ಚೆಂಡನ್ನಾದರೂ ಕೊಡಬೇಕು, ಇಲ್ಲವೆ "ಇಲ್ಲ" ಎಂದಾದರೂ ಅನ್ನಬೇಕು. ಯಾಕೆಂದರೆ ಆ ಮೈದಾನದಲ್ಲಿ ಗೆರೆಯಿಂದ ಎರಡೇ ಮಾರು ಆಚೆ ಕಲ್ಲುಚಪ್ಪಡಿಯ ಚರಂಡಿ. "ಇಲ್ಲ" ಕೇಳಿದರೆ ಅಣ್ಣ ಅಲ್ಲೇ ಓಟ ತಗ್ಗಿಸಿ ನಿಲ್ಲುತ್ತಿದ್ದ. ಏನೂ ಕೇಳದಿದ್ದರೆ ಚೆಂಡು ಬರುತ್ತದೆಂದೇ ನಂಬಿ ಓಡುತ್ತಿದ್ದ.

ಪರದೇಶದ ಆಯ್ಕೆಗಾರ ಬಂದು ಕುಳಿತ ದಿನ ಅಣ್ಣ "ಹೊರಗೆ" ಎಂದ. ತಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕರೆದೊಯ್ಯುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು. "ಇಲ್ಲ" ಎಂದಿದ್ದರೆ ಅಣ್ಣ ನಿಲ್ಲುತ್ತಿದ್ದ, ಅಣ್ಣ ನಿಂತರೆ ಎದುರಿನವನು ತಮ್ಮನ ಮೇಲೇ ಬೀಳುತ್ತಿದ್ದ. ಅವನು ಬಾಯಿ ಬಿಡಲಿಲ್ಲ. ಎದುರಿನವನು ಅಣ್ಣನ ಹಿಂದೆ ಓಡಿದ, ತಮ್ಮ ಒಳಕ್ಕೆ ತಿರುಗಿ ಗೋಲು ಹೊಡೆದ. ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದಾಗ ಅಣ್ಣ ಚರಂಡಿಯಲ್ಲಿದ್ದ. ಬಾರದ ಚೆಂಡಿಗೆ ಕಾಲು ಚಾಚಿದವನ ಮಂಡಿ ಚಪ್ಪಡಿಯ ಅಂಚಿಗೆ ಬಡಿದು ತಿರುಚಿಹೋಗಿತ್ತು.

ಆಸ್ಪತ್ರೆಯಲ್ಲಿ ಅಣ್ಣ ಕೇಳಿದ್ದು ಒಂದೇ ಮಾತು, ಕೇಳಿಸಲಿಲ್ಲವೇನೋ ಎಂದು. ಕೇಳಿಸಲಿಲ್ಲ ಎಂದ ತಮ್ಮ. ಹಾಗಾದರೆ ನನ್ನ ದನಿಯೇ ಸಣ್ಣದಾಯಿತು ಬಿಡು ಎಂದು ಅಣ್ಣನೇ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ್ದ.

ತಮ್ಮ ಪರದೇಶಕ್ಕೆ ಬಂದಂದಿನಿಂದ ಪ್ರತಿ ಶನಿವಾರ ಆಟ ಮುಗಿದು ಹತ್ತು ನಿಮಿಷದೊಳಗೆ ಅಣ್ಣನ ಫೋನು ಬರುತ್ತಿತ್ತು. ಟಿವಿಯಲ್ಲಿ ನೋಡಿದ್ದನ್ನೆಲ್ಲ ಒಂದೊಂದೇ ನಿಮಿಷವಾಗಿ ಬಿಡಿಸಿ ಹೇಳುತ್ತಿದ್ದ. ಇಲ್ಲಿ ನಿಂತೆ, ಅಲ್ಲಿ ನಿಲ್ಲಬೇಕಿತ್ತು, ಆ ಕ್ರಾಸು ಚಿನ್ನದಂಥದ್ದು. ಬಾಡಿಗೆಯ ಎರಡು ಕೋಣೆ, ಒಂದು ಕುರ್ಚಿ, ಒಣಹಾಕಿದ ಕಾಲುಚೀಲಗಳ ನಡುವೆ ಬದುಕುವವನಿಗೆ ವಾರಕ್ಕೊಮ್ಮೆ ಬರುವ ಆ ಫೋನೇ ಬಂಧು ಬಳಗ. ಅದಕ್ಕಾಗಿಯೇ ಅವನು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಒಂಬತ್ತು ವರ್ಷ ಕಳೆದ, ನುಂಗಲೂ ಇಲ್ಲ, ಉಗುಳಲೂ ಇಲ್ಲ. ಟಿವಿಯಲ್ಲಿ ಆ ಏಳು ಚೆಂಡುಗಳನ್ನು ಕಂಡೂ ಅಣ್ಣ ಯಾಕೆಂದು ಕೇಳಿರಲಿಲ್ಲ, ಕಾಲಿಗೆ ಆಯಾಸ ಎಂದಷ್ಟೇ ಅಂದಿದ್ದ.

ಕೋಚು ಮೂರು ಸಲ ಕರೆದು ಕೇಳಿದ. ಯಾರಿಗೆ ಕೊಡುತ್ತೀಯೆಂದು ಹಲಗೆಯ ಮೇಲೆ ಬರೆದು ತೋರಿಸು ಎಂದ. ಅವನು ಸೀಮೆಸುಣ್ಣವನ್ನು ವಾಪಸು ಕೊಟ್ಟ. ಒಮ್ಮೆ ಆಟದ ನಡುವೆಯೇ ಆ ದನಿಗೆ "ಇಲ್ಲ" ಎಂದು ಗಟ್ಟಿಯಾಗಿ ಹೇಳಿಯೂ ನೋಡಿದ. ತಂಡದ ಬ್ಯಾಕು ತನ್ನನ್ನೇ ಬೈದನೆಂದುಕೊಂಡು ಎರಡು ದಿನ ಮಾತು ಬಿಟ್ಟ. ದನಿ ಮಾತ್ರ ಬಿಡಲಿಲ್ಲ. ಕೊನೆಗೆ ಕೋಚು, ಬರುವ ಶನಿವಾರ ನೋಡುತ್ತೇನೆ, ಆಮೇಲೆ ನಿನ್ನ ದಾರಿ ನಿನಗೆ ಎಂದುಬಿಟ್ಟ.

ಶುಕ್ರವಾರ ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಅವಳಾಗಿ ಫೋನು ಮಾಡುವವಳಲ್ಲ. ಅವನು ಜೆರ್ಸಿ ಒಗೆಯುವ ಕೋಣೆಗೆ ಹೋಗಿ, ತಿರುಗುತ್ತಿದ್ದ ಯಂತ್ರದ ಪಕ್ಕ ನಿಂತ.

ಅಣ್ಣನ ಗಂಟಲಲ್ಲಿ ಗಂಟು ಎದ್ದಿದೆಯಂತೆ. ಕೆಟ್ಟ ಗಂಟಲ್ಲ, ಕೂಗಿ ಕೂಗಿ ಬಂದದ್ದು. ಒಂದು ತಿಂಗಳು ಮೌನವಾಗಿರಬೇಕು, ಇಲ್ಲದಿದ್ದರೆ ದನಿಯೇ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಅಣ್ಣ ಈಗ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಮಕ್ಕಳಿಗೆ ಚೆಂಡು ಒದೆಯುವುದಕ್ಕಿಂತ ಮೊದಲು ಕೂಗುವುದನ್ನು ಕಲಿಸುತ್ತಾನೆ, ಮೂರು ಬೀದಿ ಆಚೆಗೂ ಕೇಳಬೇಕು.

"ಊರೆಲ್ಲ ಗಂಟಲು ಮೇಷ್ಟ್ರು ಅಂತಾರೆ," ಎಂದಳು ಅತ್ತಿಗೆ. "ನಾನೂ ನಗಾಡ್ತಿದ್ದೆ. ನಿನ್ನೆ ಕೇಳಿದೆ, ಯಾಕ್ರೀ ಹೀಗೆ ಪ್ರಾಣ ಹೋಗೋ ಹಾಗೆ ಕೂಗ್ತೀರಿ ಅಂತ. ಏನಂದ್ರು ಗೊತ್ತಾ? ನನ್ನ ದನಿ ಸಣ್ಣದಿತ್ತು, ಅದಕ್ಕೇ ಕಾಲು ಹೋಯ್ತು, ಈ ಮಕ್ಕಳಿಗೆ ಹಾಗಾಗಬಾರದು ಅಂದ್ರು. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಡಾಕ್ಟರ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನ ಕೈ ತಾನಾಗಿ ಕಿವಿಗೆ ಹೋಯಿತು. ಇಷ್ಟು ವರ್ಷ ತಾನು ಮುಚ್ಚಿಟ್ಟದ್ದು ತನ್ನೊಬ್ಬನನ್ನೇ ಸುಡುತ್ತಿದೆ ಎಂದುಕೊಂಡಿದ್ದ. ಅದು ಅಲ್ಲಿ ಅಣ್ಣನ ಗಂಟಲಿಗೂ ಹತ್ತಿಕೊಂಡಿತ್ತು. ಹೇಳಿದರೆ ಶನಿವಾರದ ಆ ಫೋನು ನಿಲ್ಲಬಹುದು. ಹೇಳದಿದ್ದರೆ ಅಣ್ಣ ಕೂಗುತ್ತಲೇ ಇರುತ್ತಾನೆ. ಫೋನು ಅಣ್ಣನಿಗೆ ಕೊಡಿ ಎಂದ ಅತ್ತಿಗೆಗೆ.

"ಹೇಳೋ ಚಿಕ್ಕ," ಎಂದ ಅಣ್ಣ. ಡಾಕ್ಟರಿಗೆ ಹೆದರಿ ತಗ್ಗಿಸಿಕೊಂಡ ದನಿ, ಉಸಿರಿನ ಜೊತೆ ಬೆರೆತದ್ದು. ಗೆರೆಯ ಪಕ್ಕ ಏಳು ಸಲ ಕೇಳಿದ ಅದೇ ದನಿ.

"ಅಣ್ಣ, ಅವತ್ತು ನನಗೆ ಕೇಳಿಸಿತ್ತು."

ಯಾವತ್ತು ಎಂದು ಅಣ್ಣ ಕೇಳಲಿಲ್ಲ.

"ಪೂರ್ತಿ ಕೇಳಿಸಿತ್ತಾ?"

"ಪೂರ್ತಿ."

"ಎಷ್ಟು ದೂರ ಇದ್ದೆ ನಾನು?"

"ನಾಲ್ಕು ಹೆಜ್ಜೆ."

"ಇಲ್ಲ ಅನ್ನೋಕೆ ಹೊತ್ತಿತ್ತಾ?"

"ಇತ್ತು. ಅಂದಿದ್ರೆ ನೀನು ನಿಲ್ತಿದ್ದೆ. ಅವನು ನಿನ್ನ ಹಿಂದೆ ಬರಲಿ ಅಂತ ಸುಮ್ಮನಿದ್ದೆ."

ಪ್ರತಿ ಶನಿವಾರ ಆಟ ಬಿಡಿಸುವ ರೀತಿಯಲ್ಲೇ ಕೇಳುತ್ತಿದ್ದ ಅಣ್ಣ. ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಾದ್ರೆ ನನ್ನ ದನಿ ಸರಿಯಾಗೇ ಇತ್ತು," ಎಂದ ಕೊನೆಗೆ. ಆಮೇಲೆ, "ನಾಳೆ ಮ್ಯಾಚ್ ನೋಡಲ್ಲ ನಾನು," ಎಂದು ಫೋನು ಅತ್ತಿಗೆಯ ಕೈಗೆ ಕೊಟ್ಟುಬಿಟ್ಟ. ಏನು ಹೇಳಿದಿರಿ, ಇವರ ಮುಖ ಯಾಕೆ ಹೀಗಾಯಿತು ಎಂದು ಅವಳು ಕೇಳಿದಳು. ಅವರನ್ನೇ ಕೇಳಿ ಎಂದು ಅವನು ಫೋನು ಇಟ್ಟ.

ಶನಿವಾರ ಮೈದಾನಕ್ಕೆ ಇಳಿದಾಗ, ಇವತ್ತು ಆ ದನಿ ಸಿಟ್ಟಿನಿಂದಲೇ ಬರುತ್ತದೆಂದು ಅವನು ಕಾದಿದ್ದ. ಚೆಂಡು ಮೊದಲ ಸಲ ಕಾಲಿಗೆ ಬಂತು. ದನಿ ಬರಲಿಲ್ಲ. ಎರಡನೇ ಸಲವೂ ಇಲ್ಲ. ಅರ್ಧ ಗಂಟೆಯಾಗುವಷ್ಟರಲ್ಲಿ ಅವನ ಕಾಲು ಅವನ ಮಾತು ಕೇಳತೊಡಗಿತ್ತು. ಒಂದು ಕ್ರಾಸು ಹಾಕಿದ, ಅದು ಗೋಲಾಯಿತು. ಕೋಚು ಬೆಂಚಿನಿಂದ ಎದ್ದು ಚಪ್ಪಾಳೆ ತಟ್ಟಿದ. ಲೈನ್‌ಮನ್ ಬಡವನಾದ ಎಂದು ಗ್ಯಾಲರಿಯಲ್ಲಿ ಯಾರೋ ಕೂಗಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು. ಅವನು ನಗಲಿಲ್ಲ. ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ ಅವನ ಕಿವಿ ಎಡಗಡೆಗೇ ಹೋಗುತ್ತಿತ್ತು. ಅಲ್ಲಿ ಹುಲ್ಲು, ಗೆರೆ, ಗೆರೆಯ ಆಚೆ ಮತ್ತೆ ಹುಲ್ಲು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಅವನಿಗೆ ನಿಜವಾದ ಭಯವಾದದ್ದು ಆಗಲೇ.

ಆಟ ಮುಗಿದು ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಉಳಿದವರು ಮಿಂದು, ಬಟ್ಟೆ ತೊಟ್ಟು, ಅವನ ತಲೆ ಸವರಿ ಹೊರಟುಹೋದರು. ಅವನು ಕೆಸರು ಕಾಲಲ್ಲೇ ಬೆಂಚಿನ ಮೇಲೆ ಕುಳಿತು, ತಾನೇ ಊರಿಗೆ ಫೋನು ಹಚ್ಚಿದ.

ಬಹಳ ಹೊತ್ತು ಬಡಿದುಕೊಂಡ ಮೇಲೆ ಯಾರೋ ಎತ್ತಿದರು. ಮಾತಿಲ್ಲ. ಉಸಿರಿತ್ತು. ಆ ಉಸಿರನ್ನು ಅವನು ಯಾವ ಗದ್ದಲದಲ್ಲಿಯೂ ಗುರುತಿಸಬಲ್ಲ.

"ನೀನು ನೋಡಿಲ್ಲ ಅಲ್ವಾ," ಎಂದ. "ನಾನೇ ಹೇಳ್ತೀನಿ. ಮೊದಲ ಐದು ನಿಮಿಷ ಏನೂ ಆಗ್ಲಿಲ್ಲ. ಆರನೇ ನಿಮಿಷದಲ್ಲಿ ಚೆಂಡು ಬಂತು, ನಾನು ಗೆರೆಗೆ ತೀರಾ ಹತ್ತಿರ ನಿಂತಿದ್ದೆ, ನೀನಿದ್ದಿದ್ರೆ ಬೈತಿದ್ದೆ."

ಹೀಗೆಯೇ ಒಂದೊಂದೇ ನಿಮಿಷ ಬಿಡಿಸಿ ಹೇಳುತ್ತ ಹೋದ. ಎಲ್ಲಿ ತಪ್ಪಿದ, ಯಾಕೆ ತಪ್ಪಿದ, ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ಗೋಲಿನ ಮಾತು ಬಂದಾಗ ಅದನ್ನೂ ಎರಡೇ ಮಾತಲ್ಲಿ ಮುಗಿಸಿದ. ಆ ಕಡೆಯಿಂದ ಒಂದು "ಹೂಂ" ಕೂಡ ಬರಲಿಲ್ಲ. ಫೋನು ಇಟ್ಟ ಸದ್ದೂ ಬರಲಿಲ್ಲ. ಅಣ್ಣ ಡಾಕ್ಟರು ಹೇಳಿದ ಮಾತಿಗೆ ಸುಮ್ಮನಿದ್ದನೋ, ತಮ್ಮ ಹೇಳಿದ ಮಾತಿಗೆ ಸುಮ್ಮನಿದ್ದನೋ, ತಿಳಿಯುವ ದಾರಿಯಿರಲಿಲ್ಲ. ತೊಂಬತ್ತು ನಿಮಿಷವೂ ಮುಗಿಯಿತು. ಅವನು ರೆಫರಿ ಕೊನೆಗೆ ಹೆಚ್ಚುವರಿಯಾಗಿ ಕೊಟ್ಟ ನಾಲ್ಕು ನಿಮಿಷಗಳನ್ನೂ ನಿಧಾನವಾಗಿ ಹೇಳತೊಡಗಿದ.